ಹಿತ್ತಿಲ ಹೊಗೆ

ಹೈದರಾಬಾದಿನಿಂದ ಬೀದರಿಗೆ ಬಸ್ಸಿನಲ್ಲಿ ಹೋಗುವವರು ಪಟಾನ್‌ಚೆರುವನ್ನು ಹಾದುಹೋಗುವರು. ‘ಚೆರುವು’ ಎಂದರೆ ತೆಲುಗಿನಲ್ಲಿ ಕೆರೆ. ಆದರೆ ಇಂದು ಆ ಹೆಸರನ್ನು ಕೇಳಿದೊಡನೆ ನೆನಪಾಗುವುದು ಕೆರೆಯಲ್ಲ, ಕಾರ್ಖಾನೆ. ಅಲ್ಲಿಯ ನಕ್ಕವಾಗು ಹಳ್ಳವು ಕಾರ್ಖಾನೆಗಳ ಕಲ್ಮಷದಿಂದ ಕೆಟ್ಟ ಸಂಗತಿ ಹೊರದೇಶಗಳಿಗೂ ತಿಳಿದಿದೆ. ಆದರೆ ಕಾರ್ಖಾನೆಯ ಹೊಗೆಗೆ ಮೂಗು ಮುಚ್ಚಿಕೊಳ್ಳುವ ನಾವು ನಮ್ಮ ಹಿತ್ತಿಲಿನಿಂದ ಏಳುವ ಹೊಗೆಯನ್ನು ಗಮನಿಸುವುದೇ ಇಲ್ಲ. ಈ ಪಾಠವು ಆ ಹೊಗೆಯನ್ನು ಕುರಿತದ್ದು.

ನಮ್ಮ ದೇಹದಲ್ಲಿ ಥೈರಾಯ್ಡ್ ಮೊದಲಾದ ನಿರ್ನಾಳ ಗ್ರಂಥಿಗಳಿವೆ. ಇವು ಸ್ರವಿಸುವ ಹಾರ್ಮೋನುಗಳು ರಕ್ತದೊಡನೆ ಹರಿದು, ದೂತರಂತೆ, ಯಾವ ಅಂಗವು ಯಾವಾಗ ಎಷ್ಟು ಬೆಳೆಯಬೇಕೆಂಬ ಆಜ್ಞೆಯನ್ನು ಮುಟ್ಟಿಸುವುವು. ಈ ಕಾರ್ಯಕ್ಕೆ ಅತ್ಯಲ್ಪ ಪ್ರಮಾಣವೇ ಸಾಕು. ಆದುದರಿಂದಲೇ ಹೊರಗಿನ ವಿಷವೂ ಅತ್ಯಲ್ಪ ಪ್ರಮಾಣದಲ್ಲಿ ಒಳಹೊಕ್ಕು ಈ ಏರ್ಪಾಡನ್ನು ಕೆಡಿಸಬಲ್ಲದು. ಡಯಾಕ್ಸಿನ್ ಅಂತಹ ವಿಷ.

ಇದನ್ನು ಯಾರೂ ಬೇಕೆಂದು ತಯಾರಿಸುವುದಿಲ್ಲ. ಕಸ ಸುಟ್ಟಾಗ ತಾನೇ ಹುಟ್ಟುತ್ತದೆ. ಬೇಕಾದವು ಇಂಗಾಲ, ಕ್ಲೋರೀನ್, ಜೊತೆಗೆ ಕ್ರಿಯೆಯನ್ನು ಚುರುಕುಗೊಳಿಸಲು ತುಸು ತಾಮ್ರ. ಹಾಲಿನ ಚೀಲದ ಪಾಲಿಥೀನಿನಲ್ಲಿ ಕ್ಲೋರೀನ್ ಇಲ್ಲವೆಂಬುದು ನಿಜ. ಆದರೆ ಕಸದ ರಾಶಿಯಲ್ಲಿ ಅದೊಂದೇ ಇರುವುದೆಲ್ಲಿ? ಒಡೆದ ಪಿ.ವಿ.ಸಿ. ಕೊಳವೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರೀನ್. ಅಡಿಗೆಮನೆಯ ಎಂಜಲಿನ ಉಪ್ಪಿನಲ್ಲಿಯೂ ಅದುಂಟು. ಹಳೆಯ ವಿದ್ಯುತ್ ತಂತಿಯಾದರೋ ಹೊದಿಕೆಯಲ್ಲಿ ಕ್ಲೋರೀನನ್ನೂ ಒಳಗೆ ತಾಮ್ರವನ್ನೂ ಒಟ್ಟಿಗೇ ತಂದುಕೊಡುತ್ತದೆ!

ಚೆನ್ನಾಗಿ ಉರಿಸಿದರೆ ವಿಷ ನಾಶವಾಗದೇ ಎಂದು ಕೇಳಬಹುದು. 850 ಡಿಗ್ರಿ ಸೆಂಟಿಗ್ರೇಡಿಗೆ ಮಿಕ್ಕಿದ ಕಾವಿನಲ್ಲಿ ಅನಿಲವು ಎರಡು ಸೆಕೆಂಡಾದರೂ ನಿಂತರೆ ಡಯಾಕ್ಸಿನ್ ಬಹುಮಟ್ಟಿಗೆ ನಾಶವಾಗುವುದು. ಆದರೆ ಹಿತ್ತಿಲ ರಾಶಿ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಹೊಗೆಯು 450ರಿಂದ 200 ಡಿಗ್ರಿಗೆ ಇಳಿಯುವಾಗಲೇ ಈ ವಿಷ ಮತ್ತೆ ಕೂಡಿಕೊಳ್ಳುವುದು. ಬಚ್ಚಲಿನ ಹಂಡೆಯೊಲೆಗೆ ಕಸ ತುರುಕಿದರೂ ಫಲ ಒಂದೇ. ಬರಿಯ ಸೌದೆಯ ಹೊಗೆಯೂ ನಿರಪಾಯಕರವಲ್ಲ. ಅದರಲ್ಲಿ ಬೆಂಜೋಪೈರೀನ್ ಮೊದಲಾದವು ಇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ’ ಒಲೆ ಅಡಿಗೆಮನೆಯ ಹೊಗೆಯನ್ನು ಹೊರಗೆ ಸಾಗಿಸಿ ಅನೇಕ ತಾಯಂದಿರ ಕಣ್ಣುರಿಯನ್ನು ತಗ್ಗಿಸಿತು. ಆದರೆ ಅದು ಸೌದೆಗಾಗಿ ಮಾಡಿದ ಒಲೆ, ಕಸಕ್ಕಲ್ಲ.

1976ರ ಜುಲೈ 10ರಂದು ಇಟಲಿಯ ಸೆವೆಸೊ ಬಳಿಯ ಕಾರ್ಖಾನೆಯೊಂದರಿಂದ ಡಯಾಕ್ಸಿನ್ ಊರ ಮೇಲೆ ಹರಡಿತು. ಎಷ್ಟೋ ವರ್ಷಗಳ ಅನಂತರ ಅಲ್ಲಿಯ ತಾಯಂದಿರಿಗೆ ಹುಟ್ಟಿದ ಶಿಶುಗಳಲ್ಲಿಯೂ ಥೈರಾಯ್ಡನ್ನು ಪ್ರಚೋದಿಸುವ ಹಾರ್ಮೋನು ಹೆಚ್ಚಾಗಿದ್ದುದು ಕಂಡುಬಂದಿತು. ದೇಹವನ್ನು ಸೇರಿದ ಡಯಾಕ್ಸಿನ್ ಅರ್ಧಕ್ಕಿಳಿಯಲು 7ರಿಂದ 11 ವರ್ಷ ಹಿಡಿಯುವುದು.

ನಮ್ಮ ದೇಶದಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲರು 1996ರಲ್ಲಿ ಕಸದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದರು. ಆ ಮೊಕದ್ದಮೆಯಲ್ಲಿಯೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿ, 5,000 ರೂಪಾಯಿ ದಂಡವನ್ನೂ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿಯನ್ನೂ ವಿಧಿಸಿತು. ದಂಡ ತೆತ್ತವರನ್ನು ನಾನಂತೂ ಕಂಡಿಲ್ಲ.

ಬೆಂಕಿ ಆರಿದ ಮೇಲೆ ಬೂದಿ ಉಳಿಯುತ್ತದೆ. ಸೌದೆಯ ಬೂದಿಯನ್ನು ಗಿಡಗಳಿಗೆ ಹಾಕುವುದು ಹಿರಿಯರಿಂದ ಬಂದ ರೂಢಿ; ಅದೇ ರೂಢಿಯಿಂದ ಕಸದ ಬೂದಿಯನ್ನೂ ಬಸಳೆಯ ಬುಡಕ್ಕೆ ಸುರಿಯುತ್ತೇವೆ. ಅಲ್ಲಿ ಕೋಳಿ ಕೆದಕುವುದು. ಡಯಾಕ್ಸಿನ್ ಕೊಬ್ಬಿನಲ್ಲಿ ಕರಗುವ ವಸ್ತುವಾದುದರಿಂದ ಕೋಳಿಯ ಮೈಯಿಂದ ಮೊಟ್ಟೆಯ ಹಳದಿಗೆ ಇಳಿಯುವುದು. ಮೊಟ್ಟೆ ನಮ್ಮ ತಟ್ಟೆಗೆ ಬರುವುದು.