ಕಣ್ಣಿಗೆ ಕಾಣುವ ಲಯ

ಲಯವೆಂದೊಡನೆ ನಮಗೆ ನೆನಪಾಗುವುದು ಕಿವಿ. ಹಾಡಿಗೆ ಲಯವುಂಟು, ಷಟ್ಪದಿಗೆ ಲಯವುಂಟು. ಚಿತ್ರಕ್ಕೂ ಲಯವುಂಟೆಂಬುದನ್ನು ವಿದ್ಯಾರ್ಥಿಗಳಿಗೆ ಮನಗಾಣಿಸುವ ಬಗೆ ಯಾವುದು? ಛಾಯಾಚಿತ್ರಗ್ರಹಣ ನಾನು ಕಲಿತ ವಿದ್ಯೆಯಲ್ಲ. ಛಂದಸ್ಸಿನ ದಾರಿಯಿಂದಲೇ ಅದನ್ನು ಹೊಕ್ಕು ನೋಡುತ್ತೇನೆ.

ಮೊದಲು ನಮ್ಮ ಉತ್ತರ ಕರ್ನಾಟಕದ ಕಸೂತಿಯನ್ನು ನೋಡೋಣ. ಇಳಕಲ್ ಸೀರೆಯ ಮೇಲೆ ತೇರು, ಗೋಪುರ, ಆನೆ, ಗಿಳಿಗಳನ್ನು ಮೂಡಿಸುವ ಹೆಣ್ಣುಮಗಳು ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವುದು ಸಂಪ್ರದಾಯವಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಿಯೇ ಸೂಜಿ ಚುಚ್ಚುತ್ತಾಳೆ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗವಂತಿಯ ಕ್ರಮ ಗಮನಾರ್ಹವಾದುದು. ಹೋಗುವಾಗ ಒಂದೆಡೆ ಬಿಟ್ಟು ಒಂದೆಡೆ ದಾರ ಬೀಳುತ್ತದೆ. ಮರಳಿ ಬರುವಾಗ ಬಿಟ್ಟ ಎಡೆಗಳೆಲ್ಲ ತುಂಬುತ್ತವೆ. ಎಣಿಕೆ ತಪ್ಪದಿದ್ದರೆ ಬಟ್ಟೆಯ ಎರಡೂ ಮಗ್ಗುಲಲ್ಲಿ ಒಂದೇ ಚಿತ್ರ. ಒಂದು ಎಳೆ ತಪ್ಪಿತೋ, ತೇರಿನ ಕಳಸ ನಡುವಿಗೆ ಬಾರದು. ಬಿಚ್ಚಿ ಮತ್ತೆ ಹಾಕಬೇಕು. ಅಕ್ಷರ ಬಾರದ ನನ್ನ ತಾಯಿ ಹೀಗೆ ಎಣಿಸುತ್ತ ಕುಳಿತಿರುತ್ತಿದ್ದಳು. ಪಕ್ಕದಲ್ಲಿಯೇ ಮಾತ್ರೆಗಳನ್ನೆಣಿಸಿ ಪ್ರಸ್ತಾರ ಹಾಕುತ್ತಿದ್ದ ನಾನು, ನನ್ನದು ಶಾಸ್ತ್ರ, ಅವಳದು ಹೊತ್ತು ಕಳೆಯುವ ಕೆಲಸ ಎಂದು ಭಾವಿಸಿದ್ದೆ! ಇಬ್ಬರದೂ ಒಂದೇ ಲೆಕ್ಕವೆಂದು ನನಗೆ ಹೊಳೆಯುವ ವೇಳೆಗೆ, ಹೇಳೋಣವೆಂದರೆ ಅವಳಿರಲಿಲ್ಲ.

ಆದರೆ ಒಂದೇ ಅಳತೆಯ ಆವರ್ತನೆಯಷ್ಟೇ ಲಯವಲ್ಲ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು 14 ಮಾತ್ರೆಗಳ ಎರಡು ಸಾಲುಗಳು ಕಳೆದ ಮೇಲೆ, ಮೂರನೆಯದು 23 ಮಾತ್ರೆಗಳಿಗೆ ನೀಳವಾಗಿ ಗುರುವಿನಲ್ಲಿ ನಿಲ್ಲುತ್ತದೆ. ಆ ನಿಲುಗಡೆಯಿಂದಲೇ ಹಿಂದಿನ ಸಾಲುಗಳ ಸಮತೆ ಕಿವಿಗೆ ಹಿತವಾಗುವುದು. ಕಸೂತಿಯ ಸೀರೆಯಲ್ಲಿಯೂ ಸಣ್ಣ ಚಿತ್ರಗಳು ಮೈಯಲ್ಲಿ ಹರಡಿ, ಸೆರಗಿನ ಬಳಿ ದೊಡ್ಡವು ಬರುತ್ತವೆ. ಕಣ್ಣು ಅಲ್ಲಿ ನಿಲ್ಲುತ್ತದೆ.

ತುಕ್ಕಾನಟ್ಟಿಯ ಕಬ್ಬಿನ ಹೊಲದ ಬದುವಿನಲ್ಲಿ ಕ್ಯಾಮೆರಾ ಹಿಡಿದು ನಿಂತ ವಿದ್ಯಾರ್ಥಿಯೂ ಇದನ್ನೇ ಅರಸಬೇಕು. ಬೆಳೆದ ಕಬ್ಬಿಗೆ ಎದುರಾಗಿ ನಿಂತರೆ ಕಾಣುವುದು ಹಸಿರು ಗೋಡೆ ಮಾತ್ರ. ಎಳೆಯ ಬೆಳೆಯಿರುವಾಗ ಸಾಲಿನ ತುದಿಯಲ್ಲಿ ಕೊಂಚ ಎತ್ತರಕ್ಕೇರಿ ನೋಡಿದರೆ, ಸಾಲುಗಳ ನಡುವಣ ಅಂತರ ಕಿರಿದಾಗುತ್ತ ಹೋಗಿ ದೂರದಲ್ಲಿ ಎಲ್ಲವೂ ಕೂಡುವಂತೆ ತೋರುತ್ತದೆ. ಬಿಸಿಲು ಓರೆಯಾದ ಹೊತ್ತಿನಲ್ಲಿ ಒಂದೊಂದು ಸಾಲಿಗೂ ನೆರಳಿನ ಸಾಲೊಂದು ಜೊತೆಗೂಡುತ್ತದೆ. ಅಷ್ಟರಲ್ಲಿ ನೀರು ಹಾಯಿಸುವ ರೈತನೊಬ್ಬ ನಡುವೆ ಬಗ್ಗಿದನೆನ್ನಿ. ಅವನೇ ಮೂರನೆಯ ಸಾಲಿನ ಗುರು. ಗೋಕಾಕ ಜಲಪಾತದ ತೂಗುಸೇತುವೆಯ ಹಲಗೆಗಳ ಮೇಲೆ ನಡೆದು ಬರುವವನೂ ಅಂಥವನೇ.

ಇಂಥ ಸಂಚಿಕೆಗಳಿಗಾಗಿ ತೆಗೆಸುವ ಸಾಲುಚಿತ್ರಗಳಲ್ಲಿ ಮುಖ ಹೊರಳಿಸಿದ ಹುಡುಗನನ್ನು ನಾನೂ ಗದರಿಸಿದ್ದುಂಟು. ಚಿತ್ರ ಅಚ್ಚಾಗಿ ಬಂದಾಗ ಮೊದಲು ಕಣ್ಣಿಗೆ ಬೀಳುವವನು ಅವನೇ.