ವಿಹಾರದಲ್ಲಿಯೂ ವಿಶ್ವಾಸಿ

ಬೇಸಿಗೆಯ ರಜೆ ಬಂತೆಂದರೆ ಮಕ್ಕಳ ಬಾಯಲ್ಲಿ ಒಂದೇ ಮಾತು: "ಇವತ್ತು ಸಂಜೆ ಎಲ್ಲಿಗಾದರೂ ಹೋಗೋಣ." ಏಪ್ರಿಲ್-ಮೇ ತಿಂಗಳ ಕರಾವಳಿಯ ಸೆಖೆಯಲ್ಲಿ ಮನೆಯ ಫ್ಯಾನೂ ಬಿಸಿಗಾಳಿಯನ್ನೇ ಬೀಸುತ್ತಿರುವಾಗ ಆ ಬೇಡಿಕೆಯನ್ನು ತಳ್ಳಿಹಾಕುವುದು ದೊಡ್ಡವರಿಗೂ ಕಷ್ಟ. ಪಣಂಬೂರು, ಸೋಮೇಶ್ವರ, ಕಾಪು, ಮಲ್ಪೆಯ ಸಮುದ್ರತೀರಗಳು ಸಂಜೆಯಾಗುತ್ತಲೇ ತುಂಬುತ್ತವೆ. ಚುರುಮುರಿ, ಕಬ್ಬಿನ ಹಾಲು, ಐಸ್‌ಕ್ರೀಮ್, ಹಿಂದಿರುಗುವ ದಾರಿಯಲ್ಲಿ ಯಾವುದಾದರೊಂದು ಹೋಟೆಲಿನಲ್ಲಿ ಊಟ. ಇಷ್ಟಾದರೆ ಮಕ್ಕಳಿಗೆ ಹಬ್ಬ.

ಇಂತಹ ಸಾಮಾನ್ಯ ಸಂಗತಿಯಲ್ಲಿ ಧರ್ಮ ಹೇಳುವುದೇನಿದೆ ಎಂದು ನೀವು ಕೇಳಬಹುದು. ಕೆಲವರ ದೃಷ್ಟಿಯಲ್ಲಿ ಧರ್ಮವು ಮಸೀದಿಯ ಹೊಸ್ತಿಲಿಗೆ ಮುಗಿಯುತ್ತದೆ. ಇನ್ನು ಕೆಲವರ ದೃಷ್ಟಿಯಲ್ಲಿ ವಿಹಾರವೆಂಬುದೇ ಅಲ್ಲಾಹನನ್ನು ಮರೆತವರ ಕೆಲಸ. ಈ ಎರಡೂ ಅಭಿಪ್ರಾಯಗಳು ಪ್ರವಾದಿವರ್ಯರ(ಸ) ಬದುಕಿನ ಮುಂದೆ ನಿಲ್ಲುವುದಿಲ್ಲ.

ಮನಸ್ಸಿಗೂ ಹಕ್ಕಿದೆ

ಒಂದು ಪ್ರಯಾಣದಲ್ಲಿ ಪ್ರವಾದಿ(ಸ) ತಮ್ಮ ಪತ್ನಿ ಹಝ್ರತ್ ಆಯಿಶಾರೊಂದಿಗೆ(ರ) ಓಟದ ಸ್ಪರ್ಧೆ ನಡೆಸಿದರು. ಆಯಿಶಾ(ರ) ಗೆದ್ದರು. ಎಷ್ಟೋ ಕಾಲದ ನಂತರ ಮತ್ತೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದರು. ಇದು ಅಂದಿನ ಸೋಲಿಗೆ ಬದಲು ಎಂದು ವಿನೋದವಾಗಿ ಹೇಳಿದರು. ಅಬೂದಾವೂದ್ ಗ್ರಂಥದಲ್ಲಿರುವ ವರದಿಯಿದು. ಹಬ್ಬದ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಯಾಟ ಆಡುತ್ತಿದ್ದಾಗ ಆಯಿಶಾ(ರ) ಪ್ರವಾದಿಯವರ(ಸ) ಹಿಂದೆ ನಿಂತು ಅದನ್ನು ನೋಡಿದರು. ಅವರಾಗಿಯೇ ಸಾಕೆನ್ನುವವರೆಗೂ ಪ್ರವಾದಿ(ಸ) ಕದಲದೆ ನಿಂತರು. ಒಂದು ರಾಷ್ಟ್ರದ ಹೊಣೆ ಹೊತ್ತಿದ್ದವರು, ದಿವ್ಯವಾಣಿಯ ಭಾರ ಹೊತ್ತಿದ್ದವರು ಮನೆಯವರ ಸಂತೋಷಕ್ಕಾಗಿ ಸಮಯ ಕೊಟ್ಟರು. ನಮಗೆ ಬಿಡುವಿಲ್ಲ ಎಂದು ಹೇಳುವ ಮೊದಲು ಇದನ್ನು ನೆನಪಿಸಿಕೊಳ್ಳಬೇಕು.

ನಿಮ್ಮ ಶರೀರಕ್ಕೆ ನಿಮ್ಮ ಮೇಲೆ ಹಕ್ಕಿದೆ, ಮನೆಯವರಿಗೂ ಹಕ್ಕಿದೆ ಎಂಬುದು ಇಸ್ಲಾಮಿನ ಪಾಠ. ಆದ್ದರಿಂದ ಕುಟುಂಬವನ್ನು ಹೊರಗೆ ಕರೆದೊಯ್ಯುವುದು ಒಂದು ಹಕ್ಕಿನ ಸಂದಾಯ. ಸದುದ್ದೇಶವಿದ್ದರೆ ಅದಕ್ಕೆ ಪ್ರತಿಫಲವೂ ಉಂಟು.

"ಇವರೂ ಬರಬಹುದೇ?"

ಸಹೀಹ್ ಮುಸ್ಲಿಮ್‌ನಲ್ಲಿ ಹಝ್ರತ್ ಅನಸ್(ರ) ವರದಿ ಮಾಡಿದ ಒಂದು ಘಟನೆಯಿದೆ. ಪ್ರವಾದಿಯವರ(ಸ) ನೆರೆಯಲ್ಲಿ ಒಬ್ಬ ಪರ್ಷಿಯನ್ ವ್ಯಕ್ತಿಯಿದ್ದರು. ಸೊಗಸಾದ ಸಾರು ಮಾಡುವುದರಲ್ಲಿ ಅವರು ನಿಪುಣರು. ಒಂದು ದಿನ ಅಡುಗೆ ಮಾಡಿ ಪ್ರವಾದಿಯವರನ್ನು(ಸ) ಕರೆಯಲು ಬಂದರು. ಆಯಿಶಾರನ್ನು(ರ) ತೋರಿಸಿ, ಇವರಿಗೂ ಆಮಂತ್ರಣವಿದೆಯೇ ಎಂದು ಪ್ರವಾದಿ(ಸ) ಕೇಳಿದರು. ಇಲ್ಲವೆಂದರು ಆತ. ಹಾಗಾದರೆ ನಾನೂ ಬರುವುದಿಲ್ಲವೆಂದರು ಪ್ರವಾದಿ(ಸ). ಮತ್ತೊಮ್ಮೆ ಕರೆದಾಗಲೂ ಅದೇ ಪ್ರಶ್ನೆ, ಅದೇ ಉತ್ತರ. ಮೂರನೆಯ ಸಲ ಆತ ಒಪ್ಪಿದಾಗ ಇಬ್ಬರೂ ಒಟ್ಟಿಗೆ ಎದ್ದು ಹೋದರು.

ಸೋದರರೇ, ಈ ಘಟನೆಯ ಮುಂದೆ ನಮ್ಮ ಮನೆಗಳನ್ನು ನಿಲ್ಲಿಸಿ ನೋಡೋಣ. ವಾರಕ್ಕೆ ಎರಡು ಬಾರಿ ಗೆಳೆಯರ ಜೊತೆ ಹೋಟೆಲಿನಲ್ಲಿ ಉಣ್ಣುವವರಿದ್ದಾರೆ. ಮನೆಯಾಕೆಗೆ ಮಾತ್ರ ಮಿಕ್ಕಿದ ಪಾರ್ಸೆಲ್. ಕೆಲವು ಮನೆಗಳಲ್ಲಿ ಅದೂ ಇಲ್ಲ. ಹೆಂಗಸರಿಗೆ ಹೊರಗೇನು ಕೆಲಸವೆಂಬ ಒಂದು ಮಾತಿನಲ್ಲಿ ವಿಷಯ ಮುಗಿಯುತ್ತದೆ. ಅವರು ವರ್ಷವಿಡೀ ಒಲೆಯ ಮುಂದೆ ಬೆಂದವರು ಎಂಬುದು ಯಾರಿಗೂ ನೆನಪಾಗುವುದಿಲ್ಲ.

ಇನ್ನು ಹೊರಗೆ ಕರೆದೊಯ್ದರೂ ಸಾಲದು. ಹೇಗೆ ಕರೆದೊಯ್ಯುತ್ತೇವೆ ಎಂಬುದು ಮುಖ್ಯ. ಬೆಳಿಗ್ಗೆಯಿಂದ ಅಡುಗೆ ಮಾಡಿ ಪಾತ್ರೆಗೆ ತುಂಬಿದವಳು ಉಮ್ಮ. ಸಮುದ್ರತೀರದಲ್ಲಿ ಎಲ್ಲರಿಗೂ ಬಡಿಸುವವಳು ಆಕೆ. ಕೈಕೂಸನ್ನು ಎತ್ತಿಕೊಂಡು, ಎಲ್ಲರ ಚಪ್ಪಲಿ-ಚೀಲ ಕಾಯುತ್ತಾ ಕುಳಿತವಳೂ ಆಕೆ. ರಾತ್ರಿ ಮನೆಗೆ ಬಂದು ಮರಳು ತುಂಬಿದ ಬಟ್ಟೆ ಒಗೆಯುವವಳೂ ಆಕೆಯೇ. ಅಂದಿನ ವಿಹಾರದಲ್ಲಿ ಆಕೆಯ ಪಾಲೆಷ್ಟು? ಎರಡು ಹೆಣ್ಣುಮಕ್ಕಳೊಂದಿಗೆ ಬಂದ ಬಡ ತಾಯಿಗೆ ಆಯಿಶಾ(ರ) ಮೂರು ಖರ್ಜೂರ ಕೊಟ್ಟಾಗ ಆಕೆ ತನ್ನ ಪಾಲಿನದನ್ನೂ ಸೀಳಿ ಮಕ್ಕಳಿಗೆ ಹಂಚಿದಳು. ಆಕೆಗೆ ಸ್ವರ್ಗ ಖಚಿತವಾಯಿತೆಂದು ಪ್ರವಾದಿ(ಸ) ತಿಳಿಸಿದರು. ತಾಯಿಯ ತ್ಯಾಗಕ್ಕೆ ಅಲ್ಲಾಹನ ಬಳಿ ಬೆಲೆಯಿದೆ ನಿಜ. ಹಾಗೆಂದು ದಿನವೂ ಆಕೆಯಿಂದಲೇ ತ್ಯಾಗ ಮಾಡಿಸುವ ಅಧಿಕಾರ ಯಾರಿಗೂ ಇಲ್ಲ. ಒಂದು ಸಂಜೆಯಾದರೂ ಗಂಡ ಮಗುವನ್ನೆತ್ತಿಕೊಳ್ಳಲಿ, ಹುಡುಗರು ಬಡಿಸಲಿ, ಪಾತ್ರೆ ತೊಳೆಯಲಿ. ಮೊಣಕಾಲು ನೋವಿನ ಅಜ್ಜಿ ಮನೆಯಲ್ಲಿದ್ದರೆ ಮರಳಲ್ಲಿ ಬಹಳ ನಡೆಯಬೇಕಾಗದ, ಕುಳಿತುಕೊಳ್ಳಲು ಬೆಂಚಿರುವ ಜಾಗವನ್ನು ಆರಿಸಿಕೊಳ್ಳಿರಿ. ಅವರನ್ನು ಬಿಟ್ಟುಹೋಗುವುದು ಸುಲಭ, ಕರೆದೊಯ್ಯುವುದು ಸತ್ಕರ್ಮ.

ಸೆಖೆಗೆ ತಕ್ಕ ಆಹಾರ

ಪ್ರವಾದಿಯವರ(ಸ) ನಾಡೂ ಸುಡುಬಿಸಿಲಿನ ನಾಡು. ಅವರು ತಾಜಾ ಖರ್ಜೂರದ ಜೊತೆ ಸೌತೆಕಾಯಿ ತಿನ್ನುತ್ತಿದ್ದುದನ್ನು ಅಬ್ದುಲ್ಲಾ ಬಿನ್ ಜಅ್‌ಫರ್(ರ) ಕಂಡಿದ್ದರು. ಖರ್ಜೂರದ ಉಷ್ಣವನ್ನು ತಣಿಸಲು ಕಲ್ಲಂಗಡಿಯನ್ನು ಜೊತೆಗೆ ತಿನ್ನುತ್ತಿದ್ದರೆಂದೂ ವರದಿಯಿದೆ. ಕಾಲಕ್ಕೂ ಹವೆಗೂ ತಕ್ಕ ಆಹಾರ ಆರಿಸಿಕೊಳ್ಳುವುದು ವಿವೇಕ. ನಮ್ಮಲ್ಲಿ ಎಳನೀರು, ಮಜ್ಜಿಗೆ, ಪುನರ್ಪುಳಿ ಶರಬತ್ತು, ಸೌತೆ, ಕಲ್ಲಂಗಡಿಗಳಿಗೆ ಕೊರತೆಯಿಲ್ಲ. ಬಣ್ಣದ ಬಾಟಲಿ ಪಾನೀಯಗಳಿಗೆ ಹಣ ಸುರಿಯಬೇಕಾಗಿಲ್ಲ.

ಬುತ್ತಿ ಕಟ್ಟಿಕೊಂಡು ಹೋಗುವವರು ಒಂದು ವಿಷಯ ತಿಳಿದಿರಬೇಕು. ಬೇಯಿಸಿದ ಆಹಾರದಲ್ಲಿ ರೋಗಾಣುಗಳು 5ರಿಂದ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ನಡುವೆ ಶೀಘ್ರವಾಗಿ ಹೆಚ್ಚುತ್ತವೆ. ಆದ್ದರಿಂದ ಅನ್ನ, ಮಾಂಸ, ಮೀನುಗಳನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ಹವೆ 32 ಡಿಗ್ರಿ ಮೀರಿದ್ದರೆ ಒಂದು ಗಂಟೆಯೇ ಮಿತಿ. ಕರಾವಳಿಯ ಬೇಸಿಗೆಯ ಮಧ್ಯಾಹ್ನ ಈ ಮಿತಿಯನ್ನು ದಾಟುವುದು ಸಾಮಾನ್ಯ. ಬೆಳಿಗ್ಗೆ ಮಾಡಿದ ಬಿರಿಯಾನಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ಸಂಜೆ ತಿನ್ನುವುದು ಅಪಾಯಕಾರಿ. ಅನ್ನದಲ್ಲಿ ಉಂಟಾಗುವ ಒಂದು ಬಗೆಯ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ತೆಂಗಿನಕಾಯಿ ಹಾಕಿದ ಪದಾರ್ಥಗಳು ಬೇಗ ಹಳಸುತ್ತವೆ. ದೂರ ಹೋಗುವಾಗ ಚಪಾತಿ, ಒಣ ಪಲ್ಯ, ಅವಲಕ್ಕಿ, ಸಿಪ್ಪೆ ಸುಲಿಯದ ಹಣ್ಣುಗಳು ಲೇಸು.

2022ರ ಮೇ ತಿಂಗಳ ಮೊದಲ ದಿನ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಅಸ್ವಸ್ಥಳಾಗಿದ್ದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳು. ಇನ್ನೂ ಅನೇಕರು ಆಸ್ಪತ್ರೆ ಸೇರಿದರು. ಕರ್ನಾಟಕ ಸರಕಾರವು 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಗೆ, ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಕುರ್‌ಆನ್ ನಮ್ಮ ಆಹಾರದ ಬಗ್ಗೆ ಹೇಳುವಾಗ ಹಲಾಲ್ ಎಂಬುದರ ಜೊತೆಗೆ ತಯ್ಯಿಬ್, ಅಂದರೆ ಶುದ್ಧ ಮತ್ತು ಉತ್ತಮ ಎಂಬ ಮಾತನ್ನೂ ಸೇರಿಸಿದೆ. ಕೋಳಿ ಹಲಾಲ್ ಹೌದೇ ಎಂದು ವಿಚಾರಿಸುವ ನಾವು ಅದು ಸರಿಯಾಗಿ ಬೆಂದಿದೆಯೇ, ಪಾತ್ರೆ ಮುಚ್ಚಿದೆಯೇ ಎಂಬುದನ್ನೂ ನೋಡಬೇಡವೇ? ರಾತ್ರಿ ಪಾತ್ರೆಗಳನ್ನು ಮುಚ್ಚಿಡಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದ್ದಾರೆ.

ಹೋಟೆಲಿನ ಮೇಜಿನಲ್ಲಿ

ಹಲಾಲ್ ಸ್ಪಷ್ಟ, ಹರಾಮ್ ಸ್ಪಷ್ಟ, ಅವೆರಡರ ನಡುವೆ ಸಂಶಯಾಸ್ಪದವಾದವುಗಳಿವೆ. ಅವುಗಳಿಂದ ದೂರ ನಿಂತವನು ತನ್ನ ಧರ್ಮವನ್ನೂ ಮಾನವನ್ನೂ ಕಾಪಾಡಿಕೊಂಡನು ಎಂಬುದು ಹದೀಸ್‌ನ ಸಾರ. ಪರವೂರಿನಲ್ಲಿ ಸಂಶಯವಿದ್ದರೆ ಸೌಮ್ಯವಾಗಿ ಕೇಳಿರಿ. ಜಗಳ, ಜಂಭ, ಅವಹೇಳನ ಬೇಡ. ಸರಿಯಾದ ಉತ್ತರ ಸಿಗದಿದ್ದರೆ ಮೀನಿನ ಊಟವೋ ಸಸ್ಯಾಹಾರಿ ಹೋಟೆಲಿನ ದೋಸೆಯೋ ಸಾಕು. ಸಮುದ್ರದ ಬೇಟೆಯನ್ನು ಅಲ್ಲಾಹನು ನಮಗೆ ಧರ್ಮಸಮ್ಮತಗೊಳಿಸಿದ್ದಾನೆ (ಅಲ್ ಮಾಇದಃ, ಸೂಕ್ತ 96). ಆದರೆ ಮದ್ಯ ಹಂಚುವ ಜಾಗದಲ್ಲಿ, 'ಫ್ಯಾಮಿಲಿ ರೂಮ್' ಎಂಬ ಬೋರ್ಡಿದ್ದರೂ, ಮಕ್ಕಳನ್ನು ಕೂರಿಸಬೇಡಿರಿ. ಮದ್ಯ ಸರಬರಾಜಾಗುವ ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳುವುದನ್ನು ಪ್ರವಾದಿ(ಸ) ತಡೆದಿದ್ದಾರೆ.

ಪ್ರವಾದಿಯವರ(ಸ) ಪೋಷಣೆಯಲ್ಲಿದ್ದ ಬಾಲಕ ಉಮರ್ ಬಿನ್ ಅಬೀಸಲಮಃ(ರ) ಉಣ್ಣುವಾಗ ತಟ್ಟೆಯ ಎಲ್ಲೆಡೆ ಕೈಯಾಡಿಸುತ್ತಿದ್ದರು. ಬಿಸ್ಮಿಲ್ಲಾಹ್ ಹೇಳಬೇಕು, ಬಲಗೈಯಿಂದ ತಿನ್ನಬೇಕು, ತನ್ನ ಮುಂದಿರುವುದನ್ನು ತಿನ್ನಬೇಕು ಎಂದು ಪ್ರವಾದಿ(ಸ) ಕಲಿಸಿಕೊಟ್ಟರು. ಜೀವನಪರ್ಯಂತ ತಾನು ಹಾಗೆಯೇ ಉಂಡೆನೆಂದು ಅವರು ದೊಡ್ಡವರಾದ ಮೇಲೆ ಹೇಳಿದ್ದರು. ಗದರದೆ ಕಲಿಸಿದ ಮೂರು ಮಾತು ಒಂದು ಆಯುಷ್ಯಕ್ಕೆ ಸಾಕಾಯಿತು. ಹೋಟೆಲಿನಲ್ಲಿ ಎಲ್ಲರೆದುರು ಮಕ್ಕಳನ್ನು ಬೈಯುವ ತಂದೆತಾಯಿಯರು ಇದನ್ನು ಗಮನಿಸಬೇಕು.

ಪ್ರವಾದಿ(ಸ) ಎಂದೂ ಆಹಾರವನ್ನು ಹಳಿಯುತ್ತಿರಲಿಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು. ಉಪ್ಪು ತುಸು ಹೆಚ್ಚಾಯಿತೆಂದು ಸಪ್ಲೈಯರ್ ಹುಡುಗನ ಮೇಲೆ ಹರಿಹಾಯುವ ನಮ್ಮ ಅಭ್ಯಾಸಕ್ಕೆ ಇದರಲ್ಲಿ ಉತ್ತರವಿದೆ. ಸೇವಕನು ಊಟ ತಂದಾಗ ಅವನನ್ನು ಜೊತೆಯಲ್ಲಿ ಕೂರಿಸಿಕೊಳ್ಳಲಾಗದಿದ್ದರೆ ಒಂದೆರಡು ತುತ್ತನ್ನಾದರೂ ಕೊಡಬೇಕು, ಏಕೆಂದರೆ ಅದರ ಬಿಸಿಯನ್ನೂ ಶ್ರಮವನ್ನೂ ಸಹಿಸಿದವನು ಅವನು ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಫ್ಯಾನಿನ ಕೆಳಗೆ ಕುಳಿತ ನಾವು ಸೆಖೆಯೆಂದು ದೂರುತ್ತೇವೆ. ಗೋಡೆಯಾಚೆ ಒಲೆಯೆದುರು ನಿಂತು ಪರೋಟ ಬೇಯಿಸುವವನ ಸೆಖೆ ಹೇಗಿರಬಹುದು? ಒಂದು ಒಳ್ಳೆಯ ಮಾತು, ಒಂದು ಮುಗುಳ್ನಗೆ, ಸಾಧ್ಯವಿದ್ದರೆ ಕೈಯಲ್ಲಿ ಸ್ವಲ್ಪ ಹಣ. ಮಕ್ಕಳು ಇದನ್ನು ನೋಡಿಯೇ ಕಲಿಯುತ್ತಾರೆ.

ಬೇಕಾದಷ್ಟನ್ನೇ ತರಿಸಿರಿ. ಬರಕತ್ ಆಹಾರದ ಯಾವ ಭಾಗದಲ್ಲಿದೆಯೆಂದು ನಮಗೆ ತಿಳಿಯದು. ಮಿಕ್ಕಿದ್ದನ್ನು ಕಟ್ಟಿಸಿಕೊಂಡು ಬರುವುದರಲ್ಲಿ ಅವಮಾನವಿಲ್ಲ, ಎಸೆಯುವುದರಲ್ಲಿದೆ.

ಸೂರ್ಯಾಸ್ತವೂ ಮಗ್‌ರಿಬ್ ನಮಾಝೂ

ಕಡಲತೀರದ ವಿಹಾರದ ನಿಜವಾದ ಪರೀಕ್ಷೆ ಇಲ್ಲಿದೆ. ಜನರು ಸೂರ್ಯಾಸ್ತ ನೋಡಲೆಂದೇ ಹೋಗುತ್ತಾರೆ. ಸೂರ್ಯ ಮುಳುಗುವುದು ಮಗ್‌ರಿಬ್‌ನ ಆರಂಭ, ಅದರ ವೇಳೆಯೋ ಕಿರಿದು. ಫೋಟೋ ತೆಗೆಯುತ್ತಾ, ತಿಂಡಿ ತಿನ್ನುತ್ತಾ, ವಾಹನಗಳ ಸಾಲಿನಲ್ಲಿ ಸಿಕ್ಕಿಕೊಂಡು ನಮಾಝ್ ತಪ್ಪಿಹೋಗುತ್ತದೆ. ಸೂರ್ಯನನ್ನು ಮುಳುಗಿಸಿದವನ ಸೃಷ್ಟಿಯನ್ನು ಕಂಡು ಅವನನ್ನೇ ಮರೆತರೆ ಕಂಡದ್ದೇನು?

ಪರಿಹಾರ ಸುಲಭ. ಅಸರ್ ನಿರ್ವಹಿಸಿ ಮನೆಯಿಂದ ಹೊರಡಿರಿ. ಒಂದು ಚಾಪೆ, ವುಝೂಗೆ ಎರಡು ಬಾಟಲಿ ನೀರು ಜೊತೆಗಿರಲಿ. ಭೂಮಿಯನ್ನೆಲ್ಲ ನಮಗೆ ನಮಾಝಿನ ಸ್ಥಳವಾಗಿ ಮಾಡಿಕೊಡಲಾಗಿದೆ. ನಮ್ಮ ಕರಾವಳಿಯಿಂದ ಕಿಬ್ಲಾ ಪಶ್ಚಿಮದಿಂದ ತುಸು ಬಲಕ್ಕೆ, ಅಂದರೆ ವಾಯವ್ಯದ ಕಡೆಗೆ ವಾಲಿದೆ. ಜನರ ಓಡಾಟಕ್ಕೆ ಅಡ್ಡಿಯಾಗದ ಮೂಲೆಯಲ್ಲಿ ಚಾಪೆ ಹಾಸಿರಿ, ಅಥವಾ ಹತ್ತಿರದ ಮಸೀದಿಗೆ ಹೋಗಿರಿ. ಊರ ಸಮೀಪದ ಸುತ್ತಾಟ ಸಫರ್ ಅಲ್ಲ, ಅದರ ರಿಯಾಯಿತಿಯನ್ನು ಇಲ್ಲಿ ಹುಡುಕಬೇಡಿರಿ. ಹಾಗೆಯೇ ಮಕ್ಕಳು ಅಲೆಗಳಿಗಿಳಿದಿರುವಾಗ ಎಲ್ಲರೂ ಒಟ್ಟಿಗೆ ನಮಾಝಿಗೆ ನಿಲ್ಲಬಾರದು. ಒಬ್ಬರು ಕಾವಲಿದ್ದು ಅನಂತರ ನಿರ್ವಹಿಸಲಿ. ಜೀವರಕ್ಷಣೆಯೂ ಅಲ್ಲಾಹನ ಆಜ್ಞೆಯೇ.

ದಾರಿಯ ಹಕ್ಕು, ಹಣದ ಲೆಕ್ಕ

ದಾರಿಬದಿಯಲ್ಲಿ ಕುಳಿತುಕೊಳ್ಳುವವರು ದಾರಿಯ ಹಕ್ಕನ್ನು ಸಲ್ಲಿಸಬೇಕೆಂದು ಪ್ರವಾದಿ(ಸ) ಬೋಧಿಸಿದರು. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಬೋಧಿಸಿ ಕೆಡುಕನ್ನು ತಡೆಯುವುದು. ಸಮುದ್ರತೀರ, ಉದ್ಯಾನಗಳಿಗೂ ಇದು ಅನ್ವಯಿಸುತ್ತದೆ. ಇತರ ಕುಟುಂಬಗಳು ಕುಳಿತ ಕಡೆ ಮೊಬೈಲ್ ಕ್ಯಾಮರಾ ತಿರುಗಿಸುವುದು ದೃಷ್ಟಿಯ ದ್ರೋಹ. ಜೋರಾಗಿ ಹಾಡು ಹಾಕುವುದು ತೊಂದರೆ. ಜನರು ನಡೆಯುವ ದಾರಿಯಲ್ಲಿ, ನೆರಳಿಗೆ ಬರುವ ಸ್ಥಳದಲ್ಲಿ ಮಲಿನ ಮಾಡುವುದು ಶಾಪಕ್ಕೆ ಕಾರಣವೆಂದು ಎಚ್ಚರಿಸಲಾಗಿದೆ. ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಮಗುವಿನ ಡೈಪರ್ ಮರಳಿನಲ್ಲಿ ಹೂತು ಬರುವವರು ಯೋಚಿಸಲಿ. ಪಡುಬಿದ್ರಿ ಮತ್ತು ಕಾಸರಕೋಡು ತೀರಗಳಿಗೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗಳ ಗುರುತಾದ 'ಬ್ಲೂ ಫ್ಲಾಗ್' ಮಾನ್ಯತೆ ದೊರೆಯಿತು. ದಾರಿಯಿಂದ ತೊಂದರೆಯನ್ನು ನಿವಾರಿಸುವುದು ವಿಶ್ವಾಸದ ಶಾಖೆಯೆಂದು ಕಲಿತ ನಾವು ಹೋದ ತೀರವೆಲ್ಲ ಹಾಗಿರಬೇಡವೇ? ನಮ್ಮ ಗ್ರಂಥಗಳನ್ನು ಓದದ ನೆರೆಹೊರೆಯವರು ನಮ್ಮ ನಡತೆಯನ್ನು ಓದುತ್ತಾರೆ.

ಕೊನೆಯದಾಗಿ ಹಣದ ವಿಷಯ. ದಯಾಮಯನ ದಾಸರು ದುಂದುವೆಚ್ಚ ಮಾಡುವವರೂ ಅಲ್ಲ, ಜಿಪುಣರೂ ಅಲ್ಲ, ಅವೆರಡರ ಮಧ್ಯೆ ಇರುವವರು ಎಂದು ಅಲ್ ಫುರ್ಕಾನ್ ಅಧ್ಯಾಯದ 67ನೇ ಸೂಕ್ತ ಕಲಿಸುತ್ತದೆ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ದುಬಾರಿ ಹೋಟೆಲಿನ ಫೋಟೋ ಎಲ್ಲರಿಗೂ ಕಳುಹಿಸುವುದು ಸಂತೋಷವಲ್ಲ, ಪ್ರದರ್ಶನ. ಕೈಯಲ್ಲಿ ಹಣವಿದ್ದೂ ವರ್ಷಕ್ಕೊಮ್ಮೆ ಕೂಡ ಮನೆಯವರನ್ನು ಕರೆದೊಯ್ಯದಿರುವುದು ಜಿಪುಣತೆ. ಬಡವನ ಮಗುವಿಗೆ ನೂರು ರೂಪಾಯಿಯ ಚುರುಮುರಿ-ಐಸ್‌ಕ್ರೀಮಿನಲ್ಲಿಯೇ ಹಬ್ಬವಿದೆ. ಇಬ್ಬರ ಊಟ ಮೂವರಿಗೆ ಸಾಕು ಎಂಬ ಪ್ರವಾದಿ ಬೋಧನೆಯಂತೆ, ಮುಂದಿನ ಸಲ ಹೊರಡುವಾಗ ನೆರೆಮನೆಯ ಅನಾಥ ಮಗುವೊಂದನ್ನು ಜೊತೆಗೆ ಕರೆದುಕೊಳ್ಳಿರಿ.

ಅಲ್ಲಾಹನು ನಮ್ಮ ಮನೆಗಳಲ್ಲಿಯೂ ಪಯಣಗಳಲ್ಲಿಯೂ ಬರಕತ್ ನೀಡಲಿ. ನಮ್ಮ ಸಂತೋಷಗಳನ್ನು ಆರಾಧನೆಯಾಗಿ ಸ್ವೀಕರಿಸಲಿ. ಆಮೀನ್.