ಮುಗ್ಗಿದ ಹಿಂಡಿ ಮತ್ತು ಮಗುವಿನ ಹಾಲು



ಮಡಕಶಿರಾ, ರಾಯದುರ್ಗದ ಸೀಮೆಯಲ್ಲಿ ಕಡಲೆಕಾಯಿ ಕೀಳುವ ಹೊತ್ತಿಗೇ ಎಷ್ಟೋ ಸಲ ಮಳೆ ಹಿಡಿಯುತ್ತದೆ. ಆಗ ಒಳ್ಳೆಯ ಕಾಯಿಯನ್ನು ಮಾರಾಟಕ್ಕೆ ಆರಿಸಿಕೊಂಡು, ಮುಗ್ಗಿದ್ದು, ಜೊಳ್ಳಾದದ್ದನ್ನು 'ದನಕ್ಕಾದರೂ ಆದೀತು' ಎಂದು ಪಕ್ಕಕ್ಕಿಡುವುದು ನಮ್ಮ ಮನೆಗಳ ವಾಡಿಕೆ. ಈ ಮಾತನ್ನು ನಾವು ಮತ್ತೊಮ್ಮೆ ಯೋಚಿಸಬೇಕಾಗಿದೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳಲ್ಲಿ ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅಂಟುರೋಗವಿರಬೇಕೆಂದು ಹುಡುಕಿದವರಿಗೆ ಕಾರಣ ಸಿಕ್ಕಿದ್ದು ಬ್ರೆಜಿಲಿನಿಂದ ತರಿಸಿದ್ದ ಕಡಲೆಕಾಯಿ ಹಿಂಡಿಯಲ್ಲಿ. ಅದಕ್ಕೆ ಹಿಡಿದಿದ್ದ ಬೂಷ್ಟು ಬಿಟ್ಟ ವಿಷಕ್ಕೆ 'ಅಫ್ಲಾಟಾಕ್ಸಿನ್' ಎಂದು ಹೆಸರಾಯಿತು. ನಮ್ಮ ದೇಶದಲ್ಲೂ 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು, ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು.

ಈ ವಿಷ ಕೆಡಿಸುವುದು ಪಿತ್ತಜನಕಾಂಗವನ್ನು. ಕೋಳಿ ಬೇಗ ಸಾಯುತ್ತದೆ. ಹಸು ಕೂಡಲೇ ಬೀಳುವುದಿಲ್ಲ. ಮೇವು ಕಡಿಮೆ ಮಾಡುತ್ತದೆ, ಸೊರಗುತ್ತದೆ, ಹಾಲು ಇಳಿಯುತ್ತದೆ. ಅಷ್ಟರಲ್ಲಿ ವಿಷದ ಒಂದು ಪಾಲು ರೂಪ ಬದಲಿಸಿ ಹಾಲಿಗೆ ಸೇರಿರುತ್ತದೆ. ಇದಕ್ಕೆ ಒಂದು ದಿನ ಸಾಕು. ಹಾಲು ಕಾಯಿಸಿದರೂ ಅದು ಹೋಗದು. ದನಕ್ಕೆಂದು ಹಾಕಿದ್ದು ಹೀಗೆ ನಮ್ಮ ಮಗುವಿನ ಲೋಟಕ್ಕೇ ಮರಳುತ್ತದೆ. ಕೆಟ್ಟ ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸರಿಹೋಗುತ್ತದೆ ಎಂಬುದೊಂದೇ ಸಮಾಧಾನ.

ನಾವು ಮಾಡಬೇಕಾದದ್ದು:

1. ಕಾಯಿ ಬಲಿತ ಕೂಡಲೇ ಕಿತ್ತು, ಕಾಯಿ ಮೇಲಾಗುವಂತೆ ಗಿಡವನ್ನು ತಿರುವಿ ಒಣಗಿಸೋಣ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನಬೇಕು.

2. ಮೂಟೆಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ, ಗೋಡೆಯಿಂದ ಮೊಳ ದೂರ ಇಡೋಣ.

3. ಮಳೆಗಾಲದಲ್ಲಿ ಹಿಂಡಿಯನ್ನು ಸ್ವಲ್ಪಸ್ವಲ್ಪವೇ ತರೋಣ. ಗಂಟುಕಟ್ಟಿದ್ದರೆ, ಮುಗ್ಗಲು ವಾಸನೆ ಇದ್ದರೆ ಬೇಡ. ಬೂಷ್ಟು ಕೊಡವಿ ಬಿಸಿಲಿಗೆ ಹಾಕಿದರೂ ಒಳಗಿನ ವಿಷ ಉಳಿದಿರುತ್ತದೆ.

4. ಮುಗ್ಗಿದ ಕಾಯಿಯನ್ನು ಗಾಣಕ್ಕೂ ಕೊಡಬಾರದು. ಎಣ್ಣೆ ತೆಗೆದ ಮೇಲೆ ವಿಷದ ಹೆಚ್ಚಿನ ಪಾಲು ಹಿಂಡಿಯಲ್ಲೇ ನಿಂತು, ಯಾರದೋ ಕೊಟ್ಟಿಗೆಗೆ ಹೋಗುತ್ತದೆ. ಅದನ್ನು ಹೂಳುವುದೇ ಸರಿ.

ಬರದ ಸೀಮೆಯಲ್ಲಿ ಒಂದು ಚೀಲ ಕಾಯಿ ಹೂಳುವುದೆಂದರೆ ಹೊಟ್ಟೆ ಉರಿಯುತ್ತದೆ, ನಮಗೆ ಗೊತ್ತಿದೆ. ಆದರೆ ನಾವು ತಿನ್ನಲಾರದ್ದನ್ನು ಬಾಯಿಲ್ಲದ ಹಸುವಿನ ಮುಂದೆ ಸುರಿಯುವ ಮೊದಲು, ಅದರ ಹಾಲು ಕುಡಿಯುವವರು ಯಾರೆಂದು ಒಮ್ಮೆ ನೆನೆಯೋಣ.